ವೈದ್ಯರ ಬೋರ್ಡಿಗೆ ಒಂದೇ ಹಾವು

ಕ್ಲಿನಿಕ್ ಬೋರ್ಡು ಬರೆಯುವ ಹುಡುಗರಿಗೆ ನಾನು ಮೊದಲು ಹೇಳುವುದು ಇಷ್ಟೇ: ಕೋಲಿಗೆ ಸುತ್ತಿದ ಹಾವು ಒಂದೇ ಇರಬೇಕು, ರೆಕ್ಕೆ ಇರಬಾರದು. ಮೈಸೂರಿನಲ್ಲಿ 28 ವರ್ಷಗಳಿಂದ ಬೋರ್ಡು ಬರೆಯುತ್ತಿದ್ದೇನೆ. ಮೊದಲ ಆರು ವರ್ಷ ನಾನೂ ಎರಡು ಹಾವು, ಮೇಲೆ ಒಂದು ಜೊತೆ ರೆಕ್ಕೆ ಬರೆದವನೇ. ಸರಸ್ವತಿಪುರದ ಹಿರಿಯ ವೈದ್ಯರೊಬ್ಬರು ಹೊಸ ಬೋರ್ಡಿನ ಮುಂದೆ ನಿಂತು, ‘ಇದು ವರ್ತಕರ ದೇವರ ಕೋಲಪ್ಪ, ನಮ್ಮದಲ್ಲ’ ಎಂದರು. ಅಂದೇ ಅಳಿಸಿ ಬರೆದುಕೊಟ್ಟೆ.

ರೆಕ್ಕೆಯ ಕೋಲು ಗ್ರೀಕರ ಹರ್ಮಿಸ್‌ನದು. ಅವನು ದೇವತೆಗಳ ದೂತ, ವ್ಯಾಪಾರಿಗಳ ರಕ್ಷಕ. ಅಮೆರಿಕದ ಸೇನೆಯ ವೈದ್ಯಕೀಯ ದಳ 1902ರಲ್ಲಿ ಅದನ್ನೇ ಲಾಂಛನವಾಗಿ ಇಟ್ಟುಕೊಂಡ ಮೇಲೆ ಗೊಂದಲ ಹೆಚ್ಚಿತು. ವೈದ್ಯರ ಕೋಲು ಗ್ರೀಕರ ವೈದ್ಯದೇವರಾದ ಅಸ್ಕ್ಲೀಪಿಯಸ್‌ನದು. ಅಪೊಲೊ ದೇವರ ಮಗನಾದ ಅವನು ಅರೆ ಕುದುರೆ, ಅರೆ ಮನುಷ್ಯನಾದ ಕೈರಾನ್ ಬಳಿ ಚಿಕಿತ್ಸೆ ಕಲಿತ. ಸತ್ತವರನ್ನೂ ಬದುಕಿಸಿದ್ದಕ್ಕೆ ದೇವತೆಗಳ ರಾಜ ಜ್ಯೂಸ್ ಅವನನ್ನು ಸಿಡಿಲು ಹೊಡೆದು ಕೊಂದ. ವಿಶ್ವ ಆರೋಗ್ಯ ಸಂಸ್ಥೆಯ ಲಾಂಛನದಲ್ಲಿರುವುದೂ ಇವನ ಕೋಲೇ.

ಈಗ ಕೆಲಸಕ್ಕೆ ಬರೋಣ. ಕೋಲು 18 ಇಂಚು ಎಂದಿಟ್ಟುಕೊಳ್ಳಿ. ಕೋಲನ್ನೇ ಮೊದಲು ಸೀಮೆಸುಣ್ಣದಲ್ಲಿ ಎಳೆಯಿರಿ. ಅದು ದಾರಿ ನಡೆಯುವವನ ಊರುಗೋಲು. ಒಂದೆರಡು ಗಂಟು ಇದ್ದರೆ ಚೆಂದ. ಮೇಲೆ ಕೆಳಗೆ ಮೂರು ಮೂರು ಇಂಚು ಬಿಟ್ಟು, ನಡುವಿನ 12 ಇಂಚಿನಲ್ಲಿ ಮೂರು ಇಂಚಿಗೊಂದರಂತೆ ಐದು ಗುರುತು ಹಾಕಿ. ಕೆಳಗಿನಿಂದ 1, 3, 5ನೆಯ ಗುರುತಿನಲ್ಲಿ ಹಾವು ಕೋಲಿನ ಮುಂದೆ ಹಾಯಲಿ, 2 ಮತ್ತು 4ರಲ್ಲಿ ಹಿಂದೆ ಮರೆಯಾಗಲಿ. ಮುಂದೆ ಹಾಯುವ ಮೂರೂ ಸುತ್ತು ಒಂದೇ ಕಡೆಗೆ ಓರೆಯಾಗಿರಬೇಕು. ಒಂದು ಅಡ್ಡದಾರಿ ಹಿಡಿದರೂ ಹಾವು ಕೋಲಿಗೆ ಸುತ್ತಿದಂತೆ ಕಾಣದು, ಅಂಟಿಸಿದಂತೆ ಕಾಣುತ್ತದೆ. ಮೈ ನಡುವೆ ದಪ್ಪಗಿದ್ದು ಬಾಲದ ಕಡೆಗೆ ಸಣ್ಣಗಾಗುತ್ತಾ ಹೋಗಲಿ.

ನಮ್ಮ ಕೈ ಸೋಲುವುದು ತಲೆಯಲ್ಲಿ. ಅರಳಿಕಟ್ಟೆಯ ನಾಗರಕಲ್ಲುಗಳನ್ನು ನೋಡುತ್ತಾ ಬೆಳೆದವರಿಗೆ ಹಾವು ಎಂದರೆ ಹೆಡೆ. ಇಲ್ಲಿ ಹೆಡೆ ಬೇಡ. ಅಸ್ಕ್ಲೀಪಿಯಸ್‌ನ ಹೆಸರು ಹೊತ್ತ ಯುರೋಪಿನ ಹಾವಿಗೆ ವಿಷವಿಲ್ಲ, ಹೆಡೆಯೂ ಇಲ್ಲ. ಮಂಡ್ಯದ ಗದ್ದೆ ಬದುವಿನಲ್ಲಿ ಹರಿದಾಡುವ ಕೇರೆಹಾವನ್ನು ನೆನಪಿಸಿಕೊಳ್ಳಿ: ಉದ್ದ ಮೈ, ಕಿರಿದಾದ ತಲೆ. ಗ್ರೀಸಿನ ಎಪಿಡೌರಸ್‌ನಲ್ಲಿದ್ದ ಅಸ್ಕ್ಲೀಪಿಯಸ್‌ನ ದೇಗುಲದಲ್ಲಿ ಕಾಯಿಲೆಯವರು ರಾತ್ರಿ ಮಲಗಿ, ಕನಸಿನಲ್ಲಿ ದೇವರು ಬಂದು ವಾಸಿಮಾಡಲೆಂದು ಕಾಯುತ್ತಿದ್ದರು; ಅಲ್ಲಿ ಪವಿತ್ರವೆಂದು ಸಾಕಿದ್ದ ಹಾವುಗಳೂ ಇದ್ದವು. ಅಂಥ ಸಾಧುಹಾವನ್ನು ಬರೆಯುತ್ತಿದ್ದೇನೆ ಎಂದುಕೊಂಡರೆ ಗೆರೆ ತಾನಾಗಿ ಮೆತ್ತಗಾಗುತ್ತದೆ. ಹಾವು ಪೊರೆ ಬಿಟ್ಟು ಹೊಸದಾಗುವುದನ್ನು ಹಳಬರು ಗುಣವಾಗುವುದಕ್ಕೆ ಹೋಲಿಸಿದರು, ಆ ಹೊಳಪಿಗಾಗಿ ನಾನು ಬೆನ್ನಿನ ಮೇಲೆ ತೆಳುವಾಗಿ ಬಿಳಿ ಎಳೆಯುತ್ತೇನೆ.

ಯಾರಾದರೂ ಕೆಂಪು ಶಿಲುಬೆ ಬರೆಯಿರಿ ಎಂದರೆ ಒಪ್ಪಬೇಡಿ. 1960ರ ಜಿನೀವಾ ಒಪ್ಪಂದಗಳ ಕಾಯ್ದೆಯ ಪ್ರಕಾರ ಆ ಗುರುತನ್ನು ಅನುಮತಿಯಿಲ್ಲದೆ ಬಳಸುವಂತಿಲ್ಲ.

ಎನಾಮೆಲ್ ಪೂರ್ತಿ ಒಣಗುವ ತನಕ ಬೋರ್ಡನ್ನು ಧೂಳಿಲ್ಲದ ಕಡೆ ಇಡಿ. ಹಾವಿನ ಕಣ್ಣನ್ನು ಆಗ ಬರೆಯಬೇಡಿ. ಬೋರ್ಡು ಮೇಲೇರಿಸುವ ದಿನ, ಆ ಕ್ಲಿನಿಕ್ಕಿನ ವೈದ್ಯರು ಎದುರಿಗೆ ನಿಂತಿರುವಾಗ, ಸಣ್ಣ ಕುಂಚದ ತುದಿಯಲ್ಲಿ ಒಂದು ಕಪ್ಪು ಚುಕ್ಕಿ ಇಡಿ.