ಕೌಂಟರಿನಲ್ಲಿ ಹೇಳುವ ನಾಲ್ಕು ಅಂಕಿ

"ರೈತ ಫೋನ್ ಮಾಡಿ ಎರಡು ಚೀಲ ತೆಗೆದಿಡಿ ಎನ್ನುತ್ತಾನೆ. ಅದಕ್ಕೊಂದು ಆ್ಯಪ್ ಯಾಕಪ್ಪಾ?" ಸಿಂಧನೂರಿನ ನಮ್ಮ ಗೊಬ್ಬರದ ಅಂಗಡಿಯಲ್ಲಿ ಎರಡು ವರ್ಷ ನಾನು ಕೇಳಿದ ಮಾತು ಇದು. ಹೇಳುತ್ತಿದ್ದವರು ಗಲ್ಲೆಯ ಮುಂದೆ ಕೂರುವ ನಮ್ಮ ಕಾಕಾ. 2025ರ ಮುಂಗಾರಿನಲ್ಲಿ ಅವರೇ ಗಿರಾಕಿಗಳಿಗೆ "ಮೊದಲು ನಂಬರು ಹೇಳ್ರಪ್ಪಾ" ಎನ್ನತೊಡಗಿದರು. ನಮ್ಮ ಅಂಗಡಿಯ ಆ್ಯಪ್‌ನಲ್ಲಿ ಸರಕು ತೆಗೆದಿಡಲು ಹೇಳಿದವರಿಗೆ ಬರುವ ನಂಬರು ಅದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆ್ಯಪ್ ನಡೆಸಲು, ಅದರ ಬಳಕೆ ಅಳೆಯಲು ಗೂಗಲ್ ಕೊಡುವ ಫೈರ್‌ಬೇಸ್ ಜೋಡಿಸುವುದನ್ನು ಇಲ್ಲಿ ಬಿಡುತ್ತೇನೆ. ನಾನು ಮೊದಲು ಮುಗ್ಗರಿಸಿದ್ದು ಯಾವುದನ್ನು ಮಾರಾಟ ಎನ್ನಬೇಕು ಎಂಬಲ್ಲಿ. "ಕರೆ ಮಾಡಿ" ಗುಂಡಿ ಒತ್ತಿದ್ದನ್ನೇ ಕನ್ವರ್ಷನ್, ಅಂದರೆ ಕುದುರಿದ ವ್ಯಾಪಾರ, ಎಂದು ಗುರುತಿಸಿದ್ದೆ. ತಿಂಗಳಿಗೆ ನಾನೂರು ಚಿಲ್ಲರೆ ಬಂತು, ಹಿಗ್ಗಿದೆ. ಕಾಕಾರ ಖಾತೆ ಪುಸ್ತಕದ ಜೊತೆ ಹೋಲಿಸಿದರೆ ಅದರಲ್ಲಿ ಸರಕು ಒಯ್ದವರು ಅರವತ್ತೂ ಇರಲಿಲ್ಲ. ಉಳಿದವರೆಲ್ಲ "ಯೂರಿಯಾ ಬಂದಿದೆಯೇ" ಎಂದು ಕೇಳಿ ಫೋನ್ ಇಟ್ಟವರು. ಆ ಲೆಕ್ಕ ನಂಬಿ ಜಾಹೀರಾತಿಗೆ ಹದಿನೆಂಟು ಸಾವಿರ ಸುರಿದಿದ್ದೆ. ಜಾಹೀರಾತು ನಿಯತ್ತಾಗಿ ಕೆಲಸ ಮಾಡಿತು: ಯೂರಿಯಾ ವಿಚಾರಿಸುವವರನ್ನೇ ಇನ್ನಷ್ಟು ಹುಡುಕಿ ತಂದಿತು.

ಆಮೇಲೆ ದಾರಿ ಬದಲಿಸಿದೆ. ಆ್ಯಪ್‌ನಲ್ಲಿ "ತೆಗೆದಿಡಿ" ಒತ್ತಿದರೆ ನಾಲ್ಕಂಕಿಯ ನಂಬರು ಬರುತ್ತದೆ. ರೈತ ಅದನ್ನು ಕೌಂಟರಿನಲ್ಲಿ ಹೇಳುತ್ತಾನೆ, ಹುಡುಗ ಬಿಲ್ಲಿನಲ್ಲಿ ಒತ್ತುತ್ತಾನೆ, ಅಲ್ಲಿಂದ ಮೆಷರ್‌ಮೆಂಟ್ ಪ್ರೊಟೊಕಾಲ್ (ಆ್ಯಪ್‌ನ ಹೊರಗೆ ನಡೆದದ್ದನ್ನು ಗೂಗಲ್‌ಗೆ ತಿಳಿಸುವ ದಾರಿ) ಮೂಲಕ ಖರೀದಿಯ ಈವೆಂಟ್, ಅಂದರೆ ಅದರ ದಾಖಲೆ, ಗೂಗಲ್‌ನ ಲೆಕ್ಕದ ಪುಸ್ತಕವಾದ ಅನಲಿಟಿಕ್ಸ್‌ಗೆ ಹೋಗುತ್ತದೆ. ಹೇಳಲು ಇಷ್ಟೇ. ಆದರೆ ಮೂರು ವಾರ ಒಂದೂ ಖರೀದಿ ಕಾಣಿಸಲಿಲ್ಲ. ಸರ್ವರ್ ಪ್ರತಿ ಸಲವೂ 204, ಅಂದರೆ "ಮುಟ್ಟಿತು", ಎಂದು ತಲೆಯಾಡಿಸುತ್ತಿತ್ತು. ನೀವು ಕಸ ಕಳಿಸಿದರೂ ಅದು ತಪ್ಪು ಎನ್ನುವುದಿಲ್ಲ. ಪರೀಕ್ಷೆಗೆ ಬೇರೆಯೇ ಡೀಬಗ್ (ತಪ್ಪು ಹುಡುಕುವ) ವಿಳಾಸವಿದೆ. ಅಲ್ಲಿ ಹಾಕಿದ ಐದೇ ನಿಮಿಷಕ್ಕೆ ಈವೆಂಟ್ ಹೆಸರಿನಲ್ಲಿ ನಾನು ಬಿಟ್ಟಿದ್ದ ಖಾಲಿ ಜಾಗ ಸಿಕ್ಕಿತು. ಹುಡುಗ ನಂಬರು ಒತ್ತುವುದನ್ನು ಮರೆಯದಂತೆ ಮಾಡಿದ ಉಪಾಯವೊಂದಿದೆ. ಅದು ಅಂಗಡಿಯ ಗುಟ್ಟು, ಇಲ್ಲಿ ಬೇಡ.

ಇನ್ನು ಯಾರಿಗೆ ಏನು ತೋರಿಸುವುದು ಎಂಬ ವಿಷಯ. ಬೆಂಗಳೂರಿನ ಕಂಪನಿಯೊಂದು ಶಿಫಾರಸು ಯಂತ್ರ ಕಟ್ಟಿಕೊಡಲು ಎರಡೂವರೆ ಲಕ್ಷ ಕೇಳಿತು. ನಮ್ಮಲ್ಲಿ ಇದ್ದವರೇ ಸುಮಾರು ಒಂಬೈನೂರು ಜನ. ಯಂತ್ರ ಕಲಿಯುವುದು ಯಾರಿಂದ? ರೈತ ಇರುವ ಜಾಗ ನೋಡಿ ತೋರಿಸೋಣವೆಂದು ಜಿಪಿಎಸ್ ನೆಚ್ಚಿದೆ. ಅದೂ ಕೈಕೊಟ್ಟಿತು, ಏಕೆಂದರೆ ರೈತ ಆ್ಯಪ್ ತೆರೆಯುವುದು ಬಜಾರಿನ ಚಹಾ ಅಂಗಡಿಯಲ್ಲಿ, ಅವನ ಗದ್ದೆ ಇರುವುದು ಇಪ್ಪತ್ತು ಕಿಲೋಮೀಟರ್ ಆಚೆ. ಕೊನೆಗೆ ಒಂದೇ ಪ್ರಶ್ನೆ ಉಳಿಸಿಕೊಂಡೆ: ತುಂಗಭದ್ರಾ ಎಡದಂಡೆ ನಾಲೆಯ ಎಷ್ಟನೇ ವಿತರಣಾ ಕಾಲುವೆಯ ನೀರು ನಿಮ್ಮದು? ಹೆಸರು ಹೇಳಲು ಹಿಂಜರಿಯುವವರೂ ಕಾಲುವೆ ನಂಬರನ್ನು ಥಟ್ಟನೆ ಹೇಳುತ್ತಾರೆ. ಮೇಲ್ಭಾಗದವರು ನಾಟಿ ಮುಗಿಸಿ ಮೇಲುಗೊಬ್ಬರ ಹುಡುಕುವ ಹೊತ್ತಿಗೆ ಕೊನೆಭಾಗದವರು ಇನ್ನೂ ನೀರಿನ ದಾರಿ ಕಾಯುತ್ತಿರುತ್ತಾರೆ. ಆ ನಂಬರನ್ನೇ ಯೂಸರ್ ಪ್ರಾಪರ್ಟಿ (ಬಳಕೆದಾರನಿಗೆ ಅಂಟಿಸುವ ಗುರುತು) ಮಾಡಿ, ಆ್ಯಪ್ ತೋರಿಸುವುದನ್ನು ದೂರದಿಂದಲೇ ಬದಲಿಸುವ ಫೈರ್‌ಬೇಸ್‌ನ ರಿಮೋಟ್ ಕಾನ್ಫಿಗ್‌ನಲ್ಲಿ ನಾಲ್ಕು ಮುಖಪುಟ ಇಟ್ಟೆ: ಬೀಜ, ನಾಟಿಯ ಬೆನ್ನಿಗೇ ಹಾಕುವ ಕಳೆನಾಶಕ, ಮೇಲುಗೊಬ್ಬರ, ಕಂದು ಜಿಗಿಹುಳುವಿನ ಔಷಧ. ಯಾವ ಕಾಲುವೆಯನ್ನು ಯಾವ ವಾರ ಮುಂದಿನ ಪುಟಕ್ಕೆ ದೂಡಬೇಕೆಂದು ನಾನು ಯಾರನ್ನು ಕೇಳುತ್ತೇನೆ ಎಂಬುದನ್ನೂ ಹೇಳುವುದಿಲ್ಲ.

ಇದಕ್ಕೆ ಮೊದಲ ಪೆಟ್ಟು ಬಿದ್ದದ್ದು 2024ರ ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ. ಬೆಳೆಗೆ ನೀರು ಸಿಗುತ್ತದೋ ಇಲ್ಲವೋ ಎಂದು ಊರೆಲ್ಲ ಕಂಗಾಲು. ನಮ್ಮ ಆ್ಯಪ್ ಮಾತ್ರ ಕಳೆನಾಶಕ ತೋರಿಸುತ್ತ ಕುಳಿತಿತ್ತು. "ನೀರಿಗೇ ಗತಿಯಿಲ್ಲ, ನಿನಗೆ ಕಳೆಯ ಚಿಂತೆ" ಎಂದು ಒಬ್ಬ ಹಿರಿಯರು ಫೋನ್‌ನಲ್ಲೇ ಉಗಿದರು. ತಕ್ಷಣ ಬದಲಿಸಿದೆ, ಆದರೆ ರಿಮೋಟ್ ಕಾನ್ಫಿಗ್ ಮೂಲ ಸೆಟ್ಟಿಂಗ್‌ನಲ್ಲಿ 12 ಗಂಟೆಗೊಮ್ಮೆ ಮಾತ್ರ ಹೊಸದನ್ನು ತರುತ್ತದೆ. ಅಷ್ಟೂ ಹೊತ್ತು ಬೈಸಿಕೊಂಡೆ. ಈಗ ಆ ಅವಧಿಯನ್ನು ಒಂದು ಗಂಟೆಗೆ ಇಳಿಸಿದ್ದೇನೆ.

ಅದೇ ವರ್ಷದ ಇನ್ನೊಂದು ನಷ್ಟ ಪೂರ್ತಿ ನನ್ನ ಜಿಪುಣತನದ್ದು. ಗೂಗಲ್‌ನ ಮಾಹಿತಿ ಉಗ್ರಾಣವಾದ ಬಿಗ್‌ಕ್ವೆರಿಗೆ ಹಣ ಪಾವತಿಯ ಕಾರ್ಡ್ ಕೊಡದೆ, ಸ್ಯಾಂಡ್‌ಬಾಕ್ಸ್ ಎಂಬ ಅದರ ಬಿಟ್ಟಿ ಆವೃತ್ತಿಯಲ್ಲೇ ದಿನದಿನದ ಈವೆಂಟ್ ತುಂಬಿಸುತ್ತಿದ್ದೆ. ದೀಪಾವಳಿಗೆ ಲೆಕ್ಕ ನೋಡಲು ಕುಳಿತರೆ ಆಗಸ್ಟ್ ತಿಂಗಳೇ ಇಲ್ಲ. ಸ್ಯಾಂಡ್‌ಬಾಕ್ಸ್‌ನ ಟೇಬಲ್‌ಗಳು 60 ದಿನಕ್ಕೆ ಅಳಿದುಹೋಗುತ್ತವೆ. ಒಂದು ಹಂಗಾಮಿನ ಪಾಠವೇ ಹೋಯಿತು.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಅರ್ಧ ಜನರಿಗೆ ಬೆಲೆಯನ್ನು ಕನ್ನಡ ಅಂಕಿಗಳಲ್ಲಿ ತೋರಿಸಿದೆ. ನನಗೆ ಇಷ್ಟ, ಅಷ್ಟೇ. ಎರಡೇ ದಿನದಲ್ಲಿ "ಇದೆಷ್ಟು ರೂಪಾಯಿ" ಎಂಬ ಕರೆಗಳು ಶುರುವಾದವು, ತೆಗೆದೆ. ನೋಟಿಫಿಕೇಷನ್ ಕಳಿಸಲು ಮಾತ್ರ ಬೆಳಗಿನ ಐದೂವರೆಯೇ ಸರಿ. ರಾತ್ರಿ ಎಂಟಕ್ಕೆ ಕಳಿಸಿದ್ದನ್ನು ಧಾರಾವಾಹಿ ನುಂಗಿತು.

2025ರ ಮುಂಗಾರಿನಲ್ಲಿ ದಿನಕ್ಕೆ ಮೂವತ್ತು ಮೂವತ್ತೈದು ನಂಬರು ಕೌಂಟರಿಗೆ ಬಂದವು. ತೆಗೆದಿಡಲು ಹೇಳಿದವರಲ್ಲಿ ಹತ್ತಕ್ಕೆ ಏಳು ಜನ ಬಂದು ಒಯ್ದರು. ಜಾಹೀರಾತಿಗೆ ಒಂದು ಪೈಸೆ ಹಾಕಿಲ್ಲ.

ಒಂದು ತಂಟೆ ಉಳಿದಿದೆ. ಫೋನ್ ತುಂಬಿತೆಂದು ಆ್ಯಪ್ ಅಳಿಸಿ ಮತ್ತೆ ಹಾಕಿಕೊಂಡವರು ಲೆಕ್ಕದಲ್ಲಿ ಹೊಸಬರಾಗುತ್ತಾರೆ. ಇನ್ನೊಂದನ್ನು ಕಾಕಾ ಎತ್ತಿದ್ದಾರೆ: ಉದ್ರಿ ಒಯ್ದವನದ್ದು ಮಾರಾಟ ಹೇಗಾಗುತ್ತದೆ, ಸುಗ್ಗಿಯ ಮೇಲೆ ದುಡ್ಡು ಬಂದಾಗಲ್ಲವೇ? ಹಿಂದಿನ ದಿನಾಂಕ ಹಾಕಿ ಈವೆಂಟ್ ಕಳಿಸಲು ಗೂಗಲ್ ಕೊಡುವುದು 72 ಗಂಟೆ. ನಮ್ಮ ರೈತರಿಗೆ ಕಾಕಾ ಕೊಡುವುದು ಐದು ತಿಂಗಳು.