ಫ್ರಾನ್ಸಿನ ಮತ ನಕ್ಷೆ: ಬಣ್ಣ ಹಚ್ಚುವ ಮುನ್ನ ಛೇದ ನೋಡಿ

ಫ್ರಾನ್ಸಿನಲ್ಲಿ 2022ರ ಏಪ್ರಿಲ್ 24ರಂದು ನಡೆದ ಅಧ್ಯಕ್ಷೀಯ ಚುನಾವಣೆಯ ಎರಡನೇ ಸುತ್ತಿನಲ್ಲಿ ಇಮ್ಯಾನುಯೆಲ್ ಮ್ಯಾಕ್ರನ್ ಬಲಪಂಥದ ಮರೀನ್ ಲೆ ಪೆನ್ ವಿರುದ್ಧ ಶೇ 58.55ರಷ್ಟು ಮತ ಪಡೆದು ಗೆದ್ದರು. ಅದೇ ದಿನದ ಅದೇ ಎಣಿಕೆಯನ್ನು ಮುಂದಿಟ್ಟುಕೊಂಡು, ಅವರಿಗೆ ಸಿಕ್ಕಿದ್ದು ಶೇ 38.5 ಮಾತ್ರ ಎಂದೂ ಬರೆಯಬಹುದು. ಎರಡೂ ಸುಳ್ಳಲ್ಲ. ಮೊದಲ ಲೆಕ್ಕದ ಛೇದದಲ್ಲಿರುವುದು ಸಿಂಧುವಾದ ಸುಮಾರು 3.2 ಕೋಟಿ ಮತಗಳು; ಎರಡನೆಯದರಲ್ಲಿರುವುದು ಪಟ್ಟಿಯಲ್ಲಿ ಹೆಸರಿದ್ದ ಸುಮಾರು 4.87 ಕೋಟಿ ಮತದಾರರು. ಚುನಾವಣಾ ನಕ್ಷೆ ಮಾಡಲು ಕೂರುವವರು ತಂತ್ರಾಂಶ ಯಾವುದು, ಬಣ್ಣ ಯಾವುದು ಎಂದು ಯೋಚಿಸುವುದಕ್ಕೆ ಮೊದಲು ಈ ಛೇದವನ್ನು ತೀರ್ಮಾನಿಸಿಕೊಳ್ಳಬೇಕು. ಏಕೆಂದರೆ ಮುಂದಿನ ಪ್ರತಿ ಹಂತದಲ್ಲೂ ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಎದುರಾಗುತ್ತದೆ. ಈ ಲೇಖನ 2022ರ ಚುನಾವಣೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಆ ಹಂತಗಳನ್ನು ವಿವರಿಸುತ್ತದೆ.

ಕಡತವನ್ನು ಹದಗೊಳಿಸುವುದು

ಫಲಿತಾಂಶದ ಕಡತಗಳನ್ನು ಫ್ರಾನ್ಸಿನ ಗೃಹ ಸಚಿವಾಲಯ ಸಿದ್ಧಪಡಿಸುತ್ತದೆ, ಸರ್ಕಾರದ ಮುಕ್ತ ದತ್ತಾಂಶ ಜಾಲತಾಣದಲ್ಲಿ ಅವು ಉಚಿತವಾಗಿ ಸಿಗುತ್ತವೆ. ನಮ್ಮ ಜಿಲ್ಲೆಗೆ ಹತ್ತಿರವಾದ ಡಿಪಾರ್ಟ್‌ಮೆಂಟ್, ಊರು ಅಥವಾ ಪಟ್ಟಣಕ್ಕೆ ಸಮನಾದ ಕಮ್ಯೂನ್, ಕೊನೆಗೆ ಮತಗಟ್ಟೆ, ಹೀಗೆ ಮೂರೂ ಮಟ್ಟದ ಲೆಕ್ಕ ಲಭ್ಯವಿದೆ. ಫ್ರಾನ್ಸಿನಲ್ಲಿ ಮತಪೆಟ್ಟಿಗೆಯನ್ನು ದೂರದ ಎಣಿಕೆ ಕೇಂದ್ರಕ್ಕೆ ಸಾಗಿಸುವ ಪದ್ಧತಿಯಿಲ್ಲ. ಮತದಾನ ಮುಗಿದ ಸಂಜೆಯೇ ಆಯಾ ಮತಗಟ್ಟೆಯಲ್ಲಿ, ಮತದಾರರ ಎದುರಿನಲ್ಲೇ, ಲಕೋಟೆಗಳನ್ನು ಒಡೆದು ಎಣಿಸುತ್ತಾರೆ. ಆದ್ದರಿಂದ ಸುಮಾರು 70 ಸಾವಿರ ಮತಗಟ್ಟೆಗಳ ಲೆಕ್ಕ ಸಹಜವಾಗಿಯೇ ಬಿಡಿಬಿಡಿಯಾಗಿ ಉಳಿದುಬರುತ್ತದೆ.

ಕಡತವನ್ನು ತೆರೆದಾಗ ಮೊದಲು ಕಾಣುವುದು ಗೊಂದಲವೇ. ಕಾಲಂಗಳನ್ನು ಅಲ್ಪವಿರಾಮದ ಬದಲು ಅರ್ಧವಿರಾಮದಿಂದ ಬೇರ್ಪಡಿಸಲಾಗಿರುತ್ತದೆ, ದಶಮಾಂಶ ಬಿಂದುವಿನ ಜಾಗದಲ್ಲಿ ಅಲ್ಪವಿರಾಮ ಇರುತ್ತದೆ, ಅಕ್ಷರ ಸಂಕೇತ ಹಳೆಯ ಲ್ಯಾಟಿನ್ ಬಗೆಯದಾದ್ದರಿಂದ ಹೆಸರುಗಳು ಕಲಸಿಹೋಗಿ ಕಾಣಬಹುದು. ಇದಕ್ಕಿಂತ ದೊಡ್ಡ ತೊಡಕು ಬೇರೆಯೇ ಇದೆ. ಒಂದು ಮತಗಟ್ಟೆಗೆ ಒಂದು ಅಡ್ಡಸಾಲು. ಆ ಸಾಲಿನಲ್ಲಿ ಮೊದಲ ಸುತ್ತಿನ 12 ಅಭ್ಯರ್ಥಿಗಳ ವಿವರ, ತಲಾ ಏಳು ಕಾಲಂಗಳಂತೆ, ಒಬ್ಬರ ಪಕ್ಕ ಒಬ್ಬರದ್ದು ನಿಂತಿರುತ್ತದೆ, ಆದರೆ ಶೀರ್ಷಿಕೆಗಳು ಮೊದಲ ಅಭ್ಯರ್ಥಿಯವರೆಗೆ ಮಾತ್ರ ಇರುತ್ತವೆ. ಅಗಲವಾದ ಈ ಪಟ್ಟಿಯನ್ನು ಉದ್ದವಾಗಿಸಿ, ಒಂದು ಮತಗಟ್ಟೆ ಮತ್ತು ಒಬ್ಬ ಅಭ್ಯರ್ಥಿಗೆ ಒಂದು ಸಾಲು ಎಂಬಂತೆ ಮಾಡಿಕೊಂಡರೆ ಮುಂದಿನ ಕೆಲಸ ಹಗುರವಾಗುತ್ತದೆ. ಕಡತದಲ್ಲಿರುವ ಶೇಕಡಾವಾರು ಕಾಲಂಗಳನ್ನು ಅಳಿಸಿಬಿಡುವುದೇ ಒಳಿತು. ಅವನ್ನು ನಾವೇ ಲೆಕ್ಕ ಹಾಕಿಕೊಳ್ಳಬೇಕು, ಏಕೆಂದರೆ ಕೂಡಬಹುದಾದದ್ದು ಮತಗಳ ಸಂಖ್ಯೆಯನ್ನೇ ಹೊರತು ಶೇಕಡಾವಾರನ್ನಲ್ಲ.

ಗಡಿರೇಖೆಗೆ ಅಂಟಿಸುವುದು

ಕಮ್ಯೂನ್‌ಗಳ ಗಡಿರೇಖೆಗಳನ್ನು ಫ್ರಾನ್ಸಿನ ಭೂಮಾಪನ ಸಂಸ್ಥೆಯಾದ ಐಜಿಎನ್ ಒದಗಿಸುತ್ತದೆ. ಕ್ಯೂಜಿಐಎಸ್‌ನಂತಹ ಉಚಿತ ತಂತ್ರಾಂಶದಲ್ಲಿ ಅವನ್ನು ತೆರೆದು, ಮುಖ್ಯ ಭೂಭಾಗಕ್ಕೆ ಲ್ಯಾಂಬರ್ಟ್-93 ಎಂಬ ಪ್ರಕ್ಷೇಪವನ್ನು (ದುಂಡಗಿನ ಭೂಮಿಯನ್ನು ಸಪಾಟು ನಕ್ಷೆಗಿಳಿಸುವ ವಿಧಾನ) ಆರಿಸಿಕೊಂಡು, ಮತದ ಪಟ್ಟಿಯನ್ನು ಕಮ್ಯೂನ್ ಸಂಕೇತದ ಮೂಲಕ ಜೋಡಿಸಬೇಕು. ರಾಷ್ಟ್ರೀಯ ಅಂಕಿಅಂಶ ಸಂಸ್ಥೆ ಇನ್ಸೀ ನೀಡುವ ಐದು ಸ್ಥಾನಗಳ ಈ ಸಂಕೇತವನ್ನು ಸಂಖ್ಯೆ ಎಂದು ಭಾವಿಸಬಾರದು, ಪಠ್ಯವಾಗಿಯೇ ಓದಿಸಬೇಕು. ಏನ್ (Ain) ಎಂಬ ಡಿಪಾರ್ಟ್‌ಮೆಂಟಿನ ಸಂಕೇತ 01ರಿಂದ ಆರಂಭವಾಗುವುದರಿಂದ ಮುಂದಿನ ಸೊನ್ನೆ ಬಿದ್ದುಹೋದರೆ ಇಡೀ ಪ್ರದೇಶ ನಕ್ಷೆಯಿಂದ ಮಾಯವಾಗುತ್ತದೆ. ಕಾರ್ಸಿಕಾದ ಸಂಕೇತಗಳಂತೂ 2ಎ, 2ಬಿ ಎಂದು ಅಕ್ಷರದೊಡನೆಯೇ ಬರುತ್ತವೆ. ಸಾಗರದಾಚೆಯ ಪ್ರಾಂತ್ಯಗಳಲ್ಲಿ ಎರಡು ಇಲಾಖೆಗಳ ಸಂಕೇತವೇ ಬೇರೆ ಬೇರೆ: ಗ್ವಾಡೆಲೂಪ್ ಇನ್ಸೀ ಲೆಕ್ಕದಲ್ಲಿ 971, ಗೃಹ ಸಚಿವಾಲಯದ ಕಡತದಲ್ಲಿ ಝಡ್‌ಎ.

ಝಡ್‌ಝಡ್ ಎಂಬ ಗುರುತಿನಡಿ ಇರುವುದು ವಿದೇಶಗಳಲ್ಲಿ ನೆಲೆಸಿದ ಫ್ರೆಂಚ್ ಪ್ರಜೆಗಳ ಮತ. ಪುದುಚೇರಿಯನ್ನು ಭಾರತಕ್ಕೆ ಬಿಟ್ಟುಕೊಟ್ಟ 1956ರ ಒಪ್ಪಂದ ಜಾರಿಗೆ ಬಂದಾಗ ಫ್ರೆಂಚ್ ಪೌರತ್ವವನ್ನೇ ಉಳಿಸಿಕೊಂಡ ಪುದುಚೇರಿಯ ಕುಟುಂಬಗಳ ಮತಗಳೂ ಈ ಗುರುತಿನೊಳಗೇ ಬರುತ್ತವೆ. ಯುರೋಪಿನ ನಕ್ಷೆಯಲ್ಲಿ ಇವರಿಗೆ ಜಾಗವಿಲ್ಲ. ಹಾಗೆಂದು ಸದ್ದಿಲ್ಲದೆ ಬಿಟ್ಟುಬಿಡದೆ, ಪಕ್ಕದಲ್ಲೊಂದು ಚೌಕ ಮಾಡಿ ತೋರಿಸುವುದು ಸರಿಯಾದ ಕ್ರಮ.

ಜೋಡಣೆ ಮುಗಿದ ಮೇಲೂ ಕೆಲವು ಕಮ್ಯೂನ್‌ಗಳು ಖಾಲಿಯಾಗಿ ಉಳಿಯುತ್ತವೆ. ಅವುಗಳಲ್ಲಿ ಆರು ಮ್ಯೂಜ್ ಡಿಪಾರ್ಟ್‌ಮೆಂಟಿನಲ್ಲಿ, ವರ್ಡನ್ ಸಮೀಪ ಇವೆ. 1916ರ ಕದನದಲ್ಲಿ ನೆಲಸಮವಾದ ಈ ಹಳ್ಳಿಗಳಲ್ಲಿ ಇಂದು ಒಬ್ಬ ನಿವಾಸಿಯೂ ಇಲ್ಲ. ಆದರೂ ಸ್ಮರಣೆಗೆಂದು ಕಮ್ಯೂನ್ ಎಂಬ ಸ್ಥಾನವನ್ನು ಉಳಿಸಿದ್ದಾರೆ. ಅಲ್ಲಿ ಶೂನ್ಯ ಎಂದು ತುಂಬಿ ತಿಳಿಬಣ್ಣ ಹಚ್ಚಿದರೆ ತಪ್ಪಾಗುತ್ತದೆ. ಮತವೇ ಇಲ್ಲದಿರುವುದು ಬೇರೆ, ಶೂನ್ಯ ಮತ ಬೇರೆ.

ಯಾವ ಛೇದ?

ಫ್ರೆಂಚ್ ಲೆಕ್ಕದಲ್ಲಿ ಮೂರು ಛೇದಗಳಿವೆ: ಪಟ್ಟಿಯಲ್ಲಿ ಹೆಸರಿರುವವರು, ಮತ ಹಾಕಿದವರು, ಸಿಂಧು ಮತಗಳು. 2014ರ ಕಾನೂನಿನ ನಂತರ ಯಾರ ಹೆಸರೂ ಇಲ್ಲದ ಖಾಲಿ ಮತವನ್ನು ಅಸಿಂಧು ಮತದಿಂದ ಪ್ರತ್ಯೇಕವಾಗಿ ಎಣಿಸುತ್ತಾರೆ; ಆದರೂ ಅದನ್ನು ಸಿಂಧು ಮತಗಳ ಜೊತೆ ಕೂಡುವುದಿಲ್ಲ. 2022ರ ಮೊದಲ ಸುತ್ತಿನಲ್ಲಿ ಖಾಲಿ ಮತಗಳು ಸುಮಾರು 5.4 ಲಕ್ಷ ಇದ್ದವು, ಎರಡನೇ ಸುತ್ತಿನಲ್ಲಿ 22 ಲಕ್ಷ ದಾಟಿದವು. ಇಬ್ಬರಲ್ಲಿ ಯಾರೂ ಬೇಡ ಎಂದು ಹೇಳುವುದಕ್ಕಾಗಿಯೇ ಮತಗಟ್ಟೆಯವರೆಗೆ ನಡೆದುಹೋದ ಇಷ್ಟು ಜನ, ಸಿಂಧು ಮತದ ಛೇದ ಹಿಡಿದು ಮಾಡಿದ ನಕ್ಷೆಯಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಗೆದ್ದವರು ಯಾರು ಎಂಬುದು ಪ್ರಶ್ನೆಯಾದರೆ ಸಿಂಧು ಮತವೇ ಸರಿಯಾದ ಛೇದ. ಒಬ್ಬ ಅಭ್ಯರ್ಥಿಗೆ ಒಂದು ಊರಿನಲ್ಲಿ ಬೇರು ಎಷ್ಟು ಆಳವಾಗಿದೆ ಎಂದು ತಿಳಿಯಬೇಕಾದರೆ, ಅಥವಾ ಎರಡು ಸುತ್ತುಗಳನ್ನು ಹೋಲಿಸಬೇಕಾದರೆ, ಪಟ್ಟಿಯಲ್ಲಿರುವವರ ಸಂಖ್ಯೆಯೇ ಲೇಸು. ಏಕೆಂದರೆ ಎರಡು ವಾರಗಳಲ್ಲಿ ಅದು ಬಹುಮಟ್ಟಿಗೆ ಬದಲಾಗುವುದಿಲ್ಲ. ಈ ಲೆಕ್ಕದಲ್ಲಿ ನೋಡಿದರೆ ಮೊದಲ ಸುತ್ತಿನಲ್ಲಿ ಮ್ಯಾಕ್ರನ್ ಪಾಲು ಶೇ 20, ಮತ ಹಾಕದೆ ಉಳಿದವರ ಪಾಲು ಶೇ 26. ಆದ್ದರಿಂದ ಗೈರುಹಾಜರಿಯನ್ನೂ ಒಬ್ಬ ಅಭ್ಯರ್ಥಿಯಂತೆ ಭಾವಿಸಿ ಅದಕ್ಕೂ ಪ್ರತ್ಯೇಕ ನಕ್ಷೆ ಮಾಡಿಡಬೇಕು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ತಿಳಿಸಿಕೊಡುವುದು ಆ ನಕ್ಷೆಯೇ.

ನೆಲ ಮತ ಹಾಕುವುದಿಲ್ಲ

ಮೊದಲ ಸುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಮ್ಯೂನ್‌ಗಳಲ್ಲಿ ಮುಂದಿದ್ದವರು ಮರೀನ್ ಲೆ ಪೆನ್. ಒಟ್ಟು ಮತದಲ್ಲಿ ಮಾತ್ರ ಅವರು ಮ್ಯಾಕ್ರನ್‌ಗಿಂತ ಸುಮಾರು 16.5 ಲಕ್ಷ ಹಿಂದಿದ್ದರು. ಪ್ರತಿ ಕಮ್ಯೂನ್‌ಗೂ ಅಲ್ಲಿ ಮುಂದಿರುವವರ ಬಣ್ಣ ತುಂಬಿದರೆ ನಕ್ಷೆ ಈ ಹಿನ್ನಡೆಯನ್ನು ಅಡಗಿಸಿ, ಲೆ ಪೆನ್ ಭಾರಿ ಬಹುಮತದಿಂದ ಗೆದ್ದಂತೆ ತೋರಿಸುತ್ತದೆ. ದಕ್ಷಿಣದ ಆರ್ಲ್ ಕಮ್ಯೂನಿನ ವಿಸ್ತೀರ್ಣ ಪ್ಯಾರಿಸ್ಸಿನ ಏಳು ಪಟ್ಟು. ಆದರೆ ಅಲ್ಲಿರುವ ಜನ ಸುಮಾರು 50 ಸಾವಿರ, ಪ್ಯಾರಿಸ್ಸಿನಲ್ಲಿ 20 ಲಕ್ಷಕ್ಕೂ ಹೆಚ್ಚು. ಇದಕ್ಕೆ ಸುಲಭ ಪರಿಹಾರವೆಂದರೆ ಪ್ರತಿ ಕಮ್ಯೂನಿನ ನಡುವೆ ಒಂದು ವೃತ್ತವನ್ನಿಟ್ಟು, ಅದರ ವಿಸ್ತೀರ್ಣವನ್ನು ಮತದಾರರ ಸಂಖ್ಯೆಗೂ ಬಣ್ಣವನ್ನು ಮತದ ಪಾಲಿಗೂ ಹೊಂದಿಸುವುದು. ಹೊಂದಿಸಬೇಕಾದದ್ದು ವಿಸ್ತೀರ್ಣವನ್ನು, ವ್ಯಾಸವನ್ನಲ್ಲ ಎಂಬುದನ್ನು ಮರೆಯಬಾರದು.

ಇನ್ನೊಂದು ತುದಿಯಲ್ಲಿ ಸಣ್ಣ ಊರುಗಳ ಸಮಸ್ಯೆಯಿದೆ. ಫ್ರಾನ್ಸಿನ ಅರ್ಧಕ್ಕಿಂತ ಹೆಚ್ಚು ಕಮ್ಯೂನ್‌ಗಳಲ್ಲಿ 500 ಜನರೂ ಇಲ್ಲ. ನಲವತ್ತು ಸಿಂಧು ಮತಗಳಿರುವ ಊರಿನಲ್ಲಿ ಒಂದು ಮನೆಯ ಮೂವರು ಮನಸ್ಸು ಬದಲಿಸಿದರೆ ಶೇ 7.5 ಅತ್ತಿತ್ತಾಗುತ್ತದೆ. ನಕ್ಷೆಯಲ್ಲಿ ಅತಿ ಗಾಢವಾಗಿಯೂ ಅತಿ ತಿಳಿಯಾಗಿಯೂ ಕಾಣುವ ಚುಕ್ಕೆಗಳು ಬಹುಪಾಲು ಇಂಥ ಊರುಗಳವೇ ಆಗಿರುತ್ತವೆ, ಅವುಗಳಲ್ಲಿ ರಾಜಕೀಯ ಅರ್ಥ ಹುಡುಕುವುದು ವ್ಯರ್ಥ. ಅಕ್ಕಪಕ್ಕದ ಕಮ್ಯೂನ್‌ಗಳನ್ನು ಕೂಡಿಸಿ ನೋಡುವುದು ಮೇಲು. ದೊಡ್ಡ ನಗರಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಕೆಲಸ ಬೇಕು, ಅಂದರೆ ಒಡೆದು ನೋಡಬೇಕು. ಎರಡನೇ ಸುತ್ತಿನಲ್ಲಿ ಪ್ಯಾರಿಸ್ ಮ್ಯಾಕ್ರನ್‌ಗೆ ಶೇ 85 ಕೊಟ್ಟಿತು ಎಂಬ ಒಂದೇ ಅಂಕಿ, ಮೊದಲ ಸುತ್ತಿನಲ್ಲಿ ಈಶಾನ್ಯದ 18, 19, 20ನೇ ವಿಭಾಗಗಳು ಎಡಪಂಥದ ಜಾನ್-ಲೂಕ್ ಮೆಲಾನ್‌ಶಾನ್ ಅವರನ್ನು ಮುಂದಿಟ್ಟಿದ್ದನ್ನು ಮುಚ್ಚಿಹಾಕುತ್ತದೆ.

ಬಣ್ಣದ ಮೆಟ್ಟಿಲುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಒಬ್ಬರ ಪಾಲನ್ನು ತೋರಿಸುವಾಗ ಒಂದೇ ಬಣ್ಣ ತಿಳಿಯಿಂದ ಗಾಢಕ್ಕೆ ಹೋಗಬೇಕು, ಇಬ್ಬರ ಹಣಾಹಣಿಯಲ್ಲಿ ಎರಡು ಬಣ್ಣಗಳು ಶೇ 50ರ ಬಳಿ ಕೂಡಬೇಕು. ಎರಡು ವರ್ಷಗಳ ನಕ್ಷೆಗಳನ್ನು ಪಕ್ಕಪಕ್ಕ ಇಡುವುದಾದರೆ ಎರಡಕ್ಕೂ ಒಂದೇ ಅಳತೆಪಟ್ಟಿ ಇರಬೇಕು.

ಎರಡು ಚುನಾವಣೆಗಳ ನಡುವೆ

2017ರ ಎರಡನೇ ಸುತ್ತಿನಲ್ಲಿ ಲೆ ಪೆನ್ ಮುಂದಿದ್ದದ್ದು ಏನ್ಯ ಮತ್ತು ಪಾ-ದ-ಕಲೇ ಎಂಬ ಉತ್ತರದ ಎರಡು ಡಿಪಾರ್ಟ್‌ಮೆಂಟ್‌ಗಳಲ್ಲಿ ಮಾತ್ರ. ಐದು ವರ್ಷಗಳ ನಂತರ ಈಶಾನ್ಯ, ಮೆಡಿಟರೇನಿಯನ್ ಕರಾವಳಿ, ಕಾರ್ಸಿಕಾಗಳಿಗೂ ಆ ಬಣ್ಣ ಹಬ್ಬಿತು. ಇಲ್ಲಿ ಹಠಾತ್ ಸ್ಫೋಟವೇನೂ ಆಗಿಲ್ಲ. ದೇಶದ ಸರಾಸರಿಯಲ್ಲಿ ಅವರ ಪಾಲು ಶೇ 33.9ರಿಂದ ಶೇ 41.45ಕ್ಕೆ ಏರಿದಾಗ, ಮೊದಲೇ ಶೇ 50ರ ಗಡಿಯ ಹತ್ತಿರವಿದ್ದ ಪ್ರದೇಶಗಳು ಅದನ್ನು ದಾಟಿದವು. ಯಾರು ಮುಂದು ಎಂಬುದರ ಬದಲು ಪಾಲು ಎಷ್ಟು ಬದಲಾಯಿತು ಎಂಬುದನ್ನು ನಕ್ಷೆಗಿಳಿಸಿದರೆ ಈ ಸಂಗತಿ ಸ್ಪಷ್ಟವಾಗುತ್ತದೆ. ಹಾಗೆ ಮಾಡುವಾಗ ಕಮ್ಯೂನ್‌ಗಳ ವಿಲೀನವನ್ನು ಗಮನಿಸಬೇಕು: 2015ರಲ್ಲಿ 36 ಸಾವಿರಕ್ಕೂ ಹೆಚ್ಚಿದ್ದ ಕಮ್ಯೂನ್‌ಗಳು 2022ರ ವೇಳೆಗೆ 35 ಸಾವಿರಕ್ಕಿಂತ ಕಡಿಮೆಯಾಗಿದ್ದವು. ಹಳೆಯ ಊರುಗಳ ಮತಗಳನ್ನು ಕೂಡಿಸಿ ಹೊಸ ಗಡಿಯೊಳಗೆ ತಂದ ಮೇಲೆಯೇ ಹೋಲಿಕೆ ಸಾಧ್ಯ.

ಕಾರಣ ಹುಡುಕುವಾಗ

ನಕ್ಷೆ ಸಿದ್ಧವಾದ ಕೂಡಲೇ ಅದರ ಪಕ್ಕದಲ್ಲಿ ಆದಾಯ, ವಯಸ್ಸು, ಶಿಕ್ಷಣ, ನಿರುದ್ಯೋಗದ ನಕ್ಷೆಗಳನ್ನಿಟ್ಟು ನೋಡುವ ಆಸೆಯಾಗುತ್ತದೆ. ಇನ್ಸೀ ಇವೆಲ್ಲವನ್ನೂ ಕೊಡುತ್ತದೆ. ಫ್ರೆಂಚ್ ಜನಗಣತಿ ಧರ್ಮವನ್ನಾಗಲಿ ಜನಾಂಗೀಯ ಮೂಲವನ್ನಾಗಲಿ ಕೇಳುವುದೇ ಇಲ್ಲವಾದ್ದರಿಂದ ಅವೆರಡು ಮಾತ್ರ ಸಿಗುವುದಿಲ್ಲ. ಆದರೆ ಊರಿನ ಗುಣವನ್ನು ಆ ಊರಿನ ಮನುಷ್ಯನಿಗೆ ಆರೋಪಿಸುವ ತಪ್ಪು ನಡೆಯುವುದು ಇಲ್ಲಿಯೇ. ನಿರುದ್ಯೋಗ ಹೆಚ್ಚಿರುವ ಕಮ್ಯೂನ್‌ಗಳಲ್ಲಿ ಲೆ ಪೆನ್ ಮತ ಹೆಚ್ಚಿದ್ದರೆ, ನಿರುದ್ಯೋಗಿಗಳು ಅವರಿಗೆ ಮತ ಹಾಕಿದರು ಎಂದು ಸಿದ್ಧವಾಗುವುದಿಲ್ಲ. ಅಂಥ ಊರಿನಲ್ಲಿ ಕೆಲಸದಲ್ಲಿರುವ ನೆರೆಯವರೇ ಹಾಗೆ ಹಾಕಿ, ನಿರುದ್ಯೋಗಿಗಳು ಮನೆಯಲ್ಲೇ ಉಳಿದಿರಬಹುದು. ಚುನಾವಣಾ ಭೂಗೋಳಕ್ಕೆ ಅಡಿಪಾಯ ಹಾಕಿದ ಆಂದ್ರೆ ಸೀಗ್‌ಫ್ರೀಡ್ 1913ರಲ್ಲಿ ಪಶ್ಚಿಮ ಫ್ರಾನ್ಸನ್ನು ಅಧ್ಯಯನ ಮಾಡಿದಾಗ, ವಾಂದೇ ಪ್ರದೇಶದಲ್ಲಿ ಗ್ರಾನೈಟ್ ನೆಲ ಬಲಕ್ಕೂ ಸುಣ್ಣಕಲ್ಲಿನ ನೆಲ ಎಡಕ್ಕೂ ವಾಲುವುದನ್ನು ಗುರುತಿಸಿದ್ದರು. ಜನರ ಬಾಯಲ್ಲಿ ಉಳಿದದ್ದು ಕಲ್ಲಿನ ಮಾತು ಮಾತ್ರ. ಅವರ ವಿವರಣೆಯಲ್ಲಿ ಕಲ್ಲಿಗೂ ಮತಕ್ಕೂ ನಡುವೆ ಚದುರಿದ ಮನೆಗಳು, ದೊಡ್ಡ ಭೂಮಾಲೀಕರು, ಚರ್ಚಿನ ಹಿಡಿತ ಎಲ್ಲವೂ ಇದ್ದವು.

ಹಾಗಾದರೆ ಮತಗಟ್ಟೆಯ ಲೆಕ್ಕದಿಂದ ಖಚಿತವಾಗಿ ಏನನ್ನೂ ಹೇಳಲಾಗದೇ? ಒಂದು ಮಿತಿಯೊಳಗೆ ಹೇಳಬಹುದು. ಗ್ವಾಡೆಲೂಪ್ ಮೊದಲ ಸುತ್ತಿನಲ್ಲಿ ಮೆಲಾನ್‌ಶಾನ್‌ಗೆ ಶೇ 56ರಷ್ಟು ಮತ ಕೊಟ್ಟು, ಅವರು ಸ್ಪರ್ಧೆಯಿಂದ ಹೊರಬಿದ್ದ ಮೇಲೆ ಎರಡನೇ ಸುತ್ತಿನಲ್ಲಿ ಲೆ ಪೆನ್‌ಗೆ ಶೇ 69.6 ಕೊಟ್ಟಿತು. ಎಡಕ್ಕೆ ಹಾಕಿದವರೇ ಬಲಕ್ಕೆ ಹೊರಳಿದರೇ, ಇಲ್ಲವೇ ಒಬ್ಬರು ಮನೆಯಲ್ಲಿ ಉಳಿದು ಇನ್ನೊಬ್ಬರು ಹೊರಬಂದರೇ? ಪಟ್ಟಿಯಲ್ಲಿ 600 ಜನರಿರುವ ಒಂದು ಕಲ್ಪಿತ ಮತಗಟ್ಟೆಯನ್ನು ತೆಗೆದುಕೊಳ್ಳೋಣ. ಮೊದಲ ಸುತ್ತಿನಲ್ಲಿ ಮೆಲಾನ್‌ಶಾನ್‌ಗೆ 320 ಮತ, ಎರಡನೆಯದರಲ್ಲಿ ಲೆ ಪೆನ್‌ಗೆ 400 ಮತ ಬಂದಿವೆ ಎಂದಿಟ್ಟುಕೊಳ್ಳಿ. ಮೆಲಾನ್‌ಶಾನ್‌ಗೆ ಹಾಕದಿದ್ದವರು, ಗೈರುಹಾಜರಾದವರೂ ಸೇರಿ, 280 ಮಂದಿ. ಅವರೆಲ್ಲರೂ ಲೆ ಪೆನ್‌ಗೇ ಹಾಕಿದರು ಎಂದರೂ 120 ಮತಗಳು ಮೆಲಾನ್‌ಶಾನ್ ಬೆಂಬಲಿಗರಿಂದಲೇ ಬಂದಿರಬೇಕು. ಹೆಚ್ಚೆಂದರೆ ಆ 320 ಮಂದಿಯೂ ಹೊರಳಿರಬಹುದು. ಅಂದರೆ ಉತ್ತರ 120 ಮತ್ತು 320ರ ನಡುವೆ ಎಲ್ಲೋ ಇದೆ. ಮೊದಲ ಸುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಮತದಾರರು ಗೈರಾಗಿದ್ದ ಗ್ವಾಡೆಲೂಪಿನಂತಹ ಕಡೆ ನಿಜವಾದ ಮತಗಟ್ಟೆಗಳಲ್ಲಿ ಈ ಕೆಳಮಿತಿ ಬಹಳಷ್ಟು ಸಲ ಸೊನ್ನೆಗೇ ಇಳಿಯುತ್ತದೆ. ಅದು ಸೊನ್ನೆಗಿಂತ ಮೇಲಿರುವ ಮತಗಟ್ಟೆಗಳನ್ನಷ್ಟೇ ಬೇರ್ಪಡಿಸಿ ನಕ್ಷೆಯಲ್ಲಿ ಗುರುತಿಸಿ, ಉಳಿದವನ್ನು ಬೂದು ಬಣ್ಣದಲ್ಲಿ ಬಿಟ್ಟು, ಕೆಳಗೆ ಛೇದ ಯಾವುದೆಂದು ಬರೆಯಬೇಕು.