ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ ಮನೆಯನ್ನು ಕೊಳ್ಳುವ ಮುನ್ನವೇ ಗುರುತಿಸುವುದು ಹೇಗೆ

ಮನೆ ನೋಡಲು ಹೋದವರ ಕಣ್ಣು ಮೊದಲು ನೆಲದ ಹಾಸು, ಅಡುಗೆಮನೆಯ ಕಪಾಟು, ಗೋಡೆಯ ಬಣ್ಣಗಳ ಮೇಲೆ ಬೀಳುವುದು ಸಹಜ. ಆದರೆ ಆ ಮನೆಯಲ್ಲಿ ಇರುವಷ್ಟು ಕಾಲವೂ ತಿಂಗಳು ತಿಂಗಳು ಕಟ್ಟಬೇಕಾದ ವಿದ್ಯುತ್ತಿನ ಮತ್ತು ಇಂಧನದ ಬಿಲ್ಲನ್ನು ನಿರ್ಧರಿಸುವ ಸಂಗತಿಗಳೇ ಬೇರೆ, ಮತ್ತು ಅವುಗಳಲ್ಲಿ ಹೆಚ್ಚಿನವು ಮೇಲ್ನೋಟಕ್ಕೆ ಕಾಣಿಸುವುದಿಲ್ಲ. ಮಕ್ಕಳಿಗೂ ಬಂಧುಗಳಿಗೂ ಮನೆ ನೋಡಿಕೊಟ್ಟ ಅನುಭವದಿಂದ ನಾನು ಒಂದು ಕ್ರಮವನ್ನು ಪಾಲಿಸುತ್ತೇನೆ: ಮುಂದೆ ಬದಲಾಯಿಸಲು ಯಾವುದು ಅತ್ಯಂತ ಕಷ್ಟವೋ ಅದನ್ನು ಎಲ್ಲಕ್ಕಿಂತ ಮೊದಲು ಪರೀಕ್ಷಿಸುವುದು. ಎಸಿ, ಗೀಸರ್, ದೀಪಗಳನ್ನು ನಾಳೆಯೇ ಬದಲಾಯಿಸಬಹುದು. ಮನೆ ನಿಂತಿರುವ ದಿಕ್ಕನ್ನು ಯಾರಿಂದಲೂ ಬದಲಾಯಿಸಲಾಗದು.

ಆದ್ದರಿಂದ ದಿಕ್ಕಿನಿಂದಲೇ ಆರಂಭಿಸಿ. ನಡುಹಗಲಿನ ಸೂರ್ಯ ಎತ್ತರದಲ್ಲಿರುವುದರಿಂದ ಕಿಟಕಿಯ ಮೇಲಿನ ಸಣ್ಣ ಸಜ್ಜವೂ ಆ ಬಿಸಿಲನ್ನು ತಡೆಯುತ್ತದೆ. ಬೆಳಗಿನ ಮತ್ತು ಸಂಜೆಯ ಬಿಸಿಲು ಓರೆಯಾಗಿ, ಸಜ್ಜದ ಕೆಳಗಿನಿಂದ ನುಗ್ಗುತ್ತದೆ. ಇವೆರಡರಲ್ಲಿ ಪಶ್ಚಿಮದ ಬಿಸಿಲೇ ಹೆಚ್ಚು ತೊಂದರೆ ಕೊಡುವಂಥದ್ದು, ಏಕೆಂದರೆ ಅದು ಒಳಗೆ ಬರುವ ಹೊತ್ತಿಗೆ ಹೊರಗಿನ ಗಾಳಿಯೂ ಗೋಡೆಗಳೂ ದಿನವಿಡೀ ಕಾದು ನಿಂತಿರುತ್ತವೆ. ಸೆಖೆಯ ಪ್ರದೇಶದಲ್ಲಿ ಪಶ್ಚಿಮಕ್ಕೆ ದೊಡ್ಡ ಗಾಜಿನ ಕಿಟಕಿಗಳಿದ್ದು, ಎದುರಿಗೆ ಮರವಾಗಲಿ ಹೊರಪರದೆಯಾಗಲಿ ಇಲ್ಲದಿದ್ದರೆ, ಅಂಥ ಮನೆಯನ್ನು ನಾನು ಆರಿಸುವುದಿಲ್ಲ. ಚಳಿಯ ಪ್ರದೇಶದಲ್ಲಿ ಲೆಕ್ಕ ಬೇರೆ: ಭೂಮಧ್ಯರೇಖೆಯಿಂದ ದೂರದ ಉತ್ತರ ಗೋಳಾರ್ಧದಲ್ಲಿ ದಕ್ಷಿಣಕ್ಕೂ, ದಕ್ಷಿಣ ಗೋಳಾರ್ಧದಲ್ಲಿ ಉತ್ತರಕ್ಕೂ ತೆರೆದ ಕಿಟಕಿಗಳು ಚಳಿಗಾಲದ ತಗ್ಗಿನ ಬಿಸಿಲನ್ನು ಕೋಣೆಯ ಒಳಗಿನವರೆಗೆ ಬಿಟ್ಟುಕೊಳ್ಳುತ್ತವೆ, ಬೇಸಿಗೆಯಲ್ಲಿ ಅದೇ ಕಿಟಕಿಗೆ ಸಜ್ಜವೇ ನೆರಳಾಗುತ್ತದೆ. ಮನೆಯನ್ನು ಬೆಳಗಿನ ತಂಪಿನಲ್ಲಿ ಒಮ್ಮೆ ನೋಡಿ ಮುಗಿಸಬೇಡಿ. ಮಧ್ಯಾಹ್ನ 3 ಗಂಟೆಯ ನಂತರ ಇನ್ನೊಮ್ಮೆ ಹೋಗಿ, ಪ್ರತಿ ಕೋಣೆಯಲ್ಲೂ ಸ್ವಲ್ಪ ಹೊತ್ತು ನಿಂತು ನೋಡಿ.

ಅನಂತರ ಛಾವಣಿ. ಇದರ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ, ಏಕೆಂದರೆ ದಿನದ ಬಿಸಿಲನ್ನೆಲ್ಲ ಮೈಮೇಲೆ ತೆಗೆದುಕೊಳ್ಳುವುದು ಅದೇ, ಚಳಿಗಾಲದಲ್ಲಿ ಒಳಗಿನ ಬೆಚ್ಚಗಿನ ಗಾಳಿ ಮೇಲೇರಿ ಹೊರಹೋಗುವುದೂ ಅಲ್ಲಿಂದಲೇ. ಕಾಂಕ್ರೀಟಿನ ಛಾವಣಿ ಹಗಲು ಹೀರಿದ ಶಾಖವನ್ನು ಸಂಜೆಯಿಂದ ಗಂಟೆಗಟ್ಟಲೆ ಕೆಳಗೆ ಬಿಡುತ್ತಲೇ ಇರುತ್ತದೆ. ಮೇಲಿನ ಮಹಡಿಯ ಕೋಣೆ ರಾತ್ರಿಯಲ್ಲೂ ಕುದಿಯುವುದಕ್ಕೆ ಇದೇ ಕಾರಣ. ಅದರ ಮೇಲೆ ಉಷ್ಣನಿರೋಧಕ ಪದರವಿದೆಯೇ, ಹೊರಮೈಗೆ ಬಿಸಿಲನ್ನು ಪ್ರತಿಫಲಿಸುವ ತಿಳಿಬಣ್ಣವಿದೆಯೇ ಎಂದು ಕೇಳಿ. ಇಳಿಜಾರು ಛಾವಣಿಯ ಮನೆಯಾದರೆ ಅಟ್ಟ ಹತ್ತಿ, ಹಾಸಿರುವ ಉಷ್ಣನಿರೋಧಕವು ಎಲ್ಲೆಡೆ ಸಮನಾದ ದಪ್ಪದಲ್ಲಿದೆಯೇ ಎಂದು ಕಣ್ಣಾರೆ ನೋಡಿ. ಮೂಲೆಗಳಲ್ಲಿ ಅದು ಕುಸಿದಿದ್ದರೆ, ನಡುನಡುವೆ ಖಾಲಿ ಬಿದ್ದಿದ್ದರೆ ಅಥವಾ ಒದ್ದೆಯಾಗಿದ್ದರೆ ಉಪಯೋಗ ಬಹಳ ತಗ್ಗುತ್ತದೆ, ಏಕೆಂದರೆ ಅದರೊಳಗೆ ಸಿಕ್ಕಿಕೊಂಡ ಒಣ ಗಾಳಿಯೇ ಶಾಖವನ್ನು ತಡೆಯುತ್ತದೆ. ಗುಣಮಟ್ಟವನ್ನು ಸಂಖ್ಯೆಯಲ್ಲಿ ಹೇಳಿದರೆ ಒಂದು ವಿಷಯ ನೆನಪಿರಲಿ: ಉಷ್ಣನಿರೋಧಕಕ್ಕೆ ಹೇಳುವ ಆರ್-ಮೌಲ್ಯ, ಅಂದರೆ ಶಾಖವನ್ನು ತಡೆಯುವ ಶಕ್ತಿಯ ಅಳತೆ, ಹೆಚ್ಚಿದ್ದಷ್ಟೂ ಒಳ್ಳೆಯದು; ಕಿಟಕಿಗೆ ಹೇಳುವ ಯು-ಮೌಲ್ಯ, ಅಂದರೆ ಶಾಖ ಹಾದುಹೋಗುವ ಪ್ರಮಾಣದ ಅಳತೆ, ಕಡಿಮೆಯಿದ್ದಷ್ಟೂ ಒಳ್ಳೆಯದು.

ಚಳಿ ಅಥವಾ ಸೆಖೆ ತೀವ್ರವಾಗಿರುವ ಕಡೆ ಕಿಟಕಿಗೆ ಒಂದೇ ಪದರದ ಗಾಜು ಸಾಲದು. ಎರಡು ಗಾಜುಗಳ ನಡುವೆ ಗಾಳಿಯನ್ನೋ ಆರ್ಗಾನ್ ಅನಿಲವನ್ನೋ ತುಂಬಿ ಮುಚ್ಚಿದ ಕಿಟಕಿ ಶಾಖದ ಹರಿವನ್ನು ಬಹುಮಟ್ಟಿಗೆ ತಡೆಯುತ್ತದೆ, ಮತ್ತು ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಲೇಪವಿದ್ದರೆ ಇನ್ನೂ ಉತ್ತಮ. ಎರಡು ಗಾಜುಗಳ ನಡುವೆ ಮಂಜು ಕಟ್ಟಿದ್ದರೆ ಅಂಚಿನ ಬೆಸುಗೆ ಹೋಗಿದೆ ಎಂದರ್ಥ. ಒರೆಸಿದರೆ ಹೋಗುತ್ತದೆ ಎಂಬ ಮಾತನ್ನು ನಂಬಬೇಡಿ. ಚೌಕಟ್ಟನ್ನೂ ಗಮನಿಸಿ: ಬರಿಯ ಅಲ್ಯೂಮಿನಿಯಂ ಶಾಖವನ್ನು ಸರಾಗವಾಗಿ ಸಾಗಿಸುತ್ತದೆ, ಮರ ಮತ್ತು ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಗೆ ಮಾಡುವುದಿಲ್ಲ.

ಗೋಡೆ, ಗಾಜು ಎಷ್ಟೇ ಚೆನ್ನಾಗಿದ್ದರೂ ಸಂದುಗಳಿಂದ ಗಾಳಿ ಸೋರುತ್ತಿದ್ದರೆ ಅದೆಲ್ಲವೂ ತೂತುಬಿದ್ದ ಕೊಡಕ್ಕೆ ನೀರು ತುಂಬಿದಂತೆ. ಬಾಗಿಲು ಮುಚ್ಚುವಾಗ ಒಂದು ಕಾಗದದ ಚೂರನ್ನು ಅಂಚಿನಲ್ಲಿ ಸಿಕ್ಕಿಸಿ ಎಳೆಯಿರಿ. ಅದು ತಡೆಯಿಲ್ಲದೆ ಜಾರಿ ಬಂದರೆ ಅಲ್ಲಿ ಸಂದು ಇದೆ. ಪೈಪು ಮತ್ತು ತಂತಿ ಗೋಡೆಯನ್ನು ದಾಟುವ ಜಾಗ, ಅಟ್ಟಕ್ಕೆ ಹತ್ತುವ ಬಾಗಿಲು, ಸ್ವಿಚ್ ಪೆಟ್ಟಿಗೆಗಳ ಸುತ್ತ ಕೈಯಿಟ್ಟು ನೋಡಿ. ಸೌಲಭ್ಯವಿದ್ದರೆ ತಜ್ಞರಿಂದ ಬ್ಲೋವರ್ ಡೋರ್ ಪರೀಕ್ಷೆ ಮಾಡಿಸಿ. ಬಾಗಿಲಿಗೆ ಫ್ಯಾನ್ ಅಳವಡಿಸಿ, ಒಳಗೂ ಹೊರಗೂ 50 ಪಾಸ್ಕಲ್ ಒತ್ತಡದ ವ್ಯತ್ಯಾಸವನ್ನು ಉಂಟುಮಾಡಿ, ಒಟ್ಟು ಸೋರಿಕೆಯನ್ನು ಅವರು ಅಳೆದು ಹೇಳುತ್ತಾರೆ. ಆದರೆ ಬಿಗಿಯಾಗಿ ಮುಚ್ಚಿದ ಮನೆಗೆ ಬೇಕೆಂದಾಗ ಗಾಳಿಯಾಡುವ ವ್ಯವಸ್ಥೆ ಇರಲೇಬೇಕು. ಒಳಗೆ ಇಂಧನ ಉರಿಸುವ ಒಲೆಯೋ ಹೀಟರೋ ಇದ್ದರೆ ಇದು ಪ್ರಾಣದ ಪ್ರಶ್ನೆ, ಏಕೆಂದರೆ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸೌಮ್ಯ ಹವೆಯ ದಿನಗಳಲ್ಲಂತೂ ಎದುರುಬದುರು ಗೋಡೆಗಳಲ್ಲಿ ತೆರೆಯಬಹುದಾದ ಕಿಟಕಿಗಳಿದ್ದರೆ ಎಸಿ ಹಾಕುವ ಪ್ರಮೇಯವೇ ಬರುವುದಿಲ್ಲ.

ಯಂತ್ರಗಳ ಸರದಿ ಇಷ್ಟೆಲ್ಲ ಆದ ಮೇಲೆ. ಅವುಗಳ ವಯಸ್ಸನ್ನೂ ದಕ್ಷತೆಯ ಲೇಬಲ್ಲನ್ನೂ ಬರೆದಿಟ್ಟುಕೊಳ್ಳಿ. ದೀಪಗಳ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. 60 ವ್ಯಾಟಿನ ಹಳೆಯ ಬಲ್ಬಿನ ಜಾಗಕ್ಕೆ ಸುಮಾರು 9 ವ್ಯಾಟಿನ ಎಲ್‌ಇಡಿ ಹಾಕಿದರೆ ಆ ಕೆಲಸ ಮುಗಿಯಿತು. ಬಿಸಿನೀರಿನ ವಿಷಯ ಅಷ್ಟು ಹಗುರವಲ್ಲ. 100 ಲೀಟರ್ ನೀರಿನ ತಾಪವನ್ನು 30 ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು ಮೂರೂವರೆ ಯೂನಿಟ್ ಶಕ್ತಿ ಬೇಕೇಬೇಕು, ಮತ್ತು ಸಾಮಾನ್ಯ ಗೀಸರ್ ಅಷ್ಟನ್ನೂ ವಿದ್ಯುತ್ತಿನಿಂದಲೇ ಪಡೆಯುತ್ತದೆ. ಹೀಟ್ ಪಂಪ್ ಹೊರಗಿನ ಗಾಳಿಯ ಶಾಖವನ್ನು ಒಳಗೆ ಸಾಗಿಸುವುದರಿಂದ ಅದೇ ಕೆಲಸಕ್ಕೆ ಅದರ ಅರ್ಧದಷ್ಟೋ ಅದಕ್ಕಿಂತ ಕಡಿಮೆಯೋ ವಿದ್ಯುತ್ ಸಾಕಾಗುತ್ತದೆ. ಸೌರ ವಾಟರ್ ಹೀಟರ್ ಬಿಸಿಲಿರುವ ದಿನಗಳಲ್ಲಿ ಅದನ್ನೂ ಉಳಿಸುತ್ತದೆ. ಟ್ಯಾಂಕಿನಿಂದ ಸ್ನಾನಗೃಹ ಎಷ್ಟು ದೂರವಿದೆ, ನಡುವಿನ ಪೈಪಿಗೆ ಹೊದಿಕೆಯಿದೆಯೇ ಎಂಬುದನ್ನೂ ನೋಡಿ, ಏಕೆಂದರೆ ಪೈಪಿನಲ್ಲಿ ನಿಂತ ಬಿಸಿನೀರು ಪ್ರತಿ ಸಲವೂ ತಣ್ಣಗಾಗಿ ಚೆಲ್ಲಿಹೋಗುತ್ತದೆ.

ಛಾವಣಿಯ ಮೇಲೆ ಸೌರಫಲಕಗಳನ್ನು ಕಂಡೊಡನೆ ಮನಸ್ಸು ಸೋಲುವುದುಂಟು. ಅವು ಮಾಲೀಕರ ಸ್ವಂತದವೋ, ಬಾಡಿಗೆಯ ಕರಾರಿನವೋ, ಕರಾರಾದರೆ ಅದು ಕೊಂಡವರ ಹೆಗಲಿಗೆ ಬರುತ್ತದೆಯೋ ಎಂದು ಕಾಗದ ನೋಡಿ ತಿಳಿದುಕೊಳ್ಳಿ. ಮರದ್ದೋ ನೀರಿನ ತೊಟ್ಟಿಯದೋ ನೆರಳು ಒಂದು ಫಲಕದ ಮೇಲೆ ಬಿದ್ದರೂ ಸಾಲಾಗಿ ಜೋಡಿಸಿದ ಇತರ ಫಲಕಗಳ ಉತ್ಪಾದನೆ ತಗ್ಗಬಹುದು.

ಕೊನೆಗೆ ಮಾರುವವರಿಂದ ಕಳೆದ 12 ತಿಂಗಳ ಬಿಲ್ಲುಗಳನ್ನು ಕೇಳಿ ಪಡೆಯಿರಿ. ಹಣದ ಮೊತ್ತಕ್ಕಿಂತ ಯೂನಿಟ್‌ಗಳನ್ನು ಓದಿ, ದರ ಬದಲಾಗುತ್ತಿರುತ್ತದೆ. ಹವೆ ಹಿತವಾಗಿರುವ ತಿಂಗಳಿನ ಬಳಕೆಯು ದೀಪ, ಫ್ರಿಜ್, ಬಿಸಿನೀರುಗಳದ್ದು; ಕಡು ಬೇಸಿಗೆಯಲ್ಲಿ ಅಥವಾ ಕಡು ಚಳಿಯಲ್ಲಿ ಅದರ ಮೇಲೆ ಏರಿದ ಭಾಗ ಬಹುಪಾಲು ಛಾವಣಿ, ಗೋಡೆ, ಕಿಟಕಿಗಳ ದೌರ್ಬಲ್ಯದ್ದು. ಆ ಮನೆಯಲ್ಲಿ ಎಷ್ಟು ಜನರಿದ್ದರು, ಹಗಲು ಮನೆ ಖಾಲಿಯಿರುತ್ತಿತ್ತೇ ಎಂದೂ ವಿಚಾರಿಸಿ, ಇಲ್ಲದಿದ್ದರೆ ಲೆಕ್ಕ ದಾರಿತಪ್ಪುತ್ತದೆ. ಏರಿಕೆ ದೊಡ್ಡದಾಗಿದ್ದರೆ ಛಾವಣಿಯ ಮತ್ತು ಕಿಟಕಿಗಳ ದುರಸ್ತಿಗೆ ತಗಲುವ ವೆಚ್ಚವನ್ನು ಕೆಲಸ ಬಲ್ಲವರಿಂದ ಬರೆಸಿಕೊಂಡು, ಆ ಹಾಳೆಯನ್ನು ಮುಂದಿಟ್ಟುಕೊಂಡೇ ಬೆಲೆಯ ಮಾತಿಗೆ ಕುಳಿತುಕೊಳ್ಳಿ.